ಎರಡನೆಯ ಧಾರೆ

೧೯೫೭ರ ಬೇಸಗೆಯಲ್ಲಿ ವಿಷ್ಣುಮೂರ್ತಿ ವೆಸ್ಟ್ ಮಾಂಬಲಂನ ತಮ್ಮನ ಮನೆಗೆ ಬಂದಾಗ, ಅವನದೇ ಅಪರಕ್ರಿಯೆ ಮುಗಿದು ವರ್ಷ ಕಳೆದಿತ್ತು. ಆಜಾದ್ ಹಿಂದ್ ಫೌಜಿನ ಒಂದು ಪಡೆಯನ್ನು ಬರ್ಮಾದ ಕಾಡುಗಳಲ್ಲಿ ನಡೆಸಿದ ಮೇಜರ್ ಅವನು. ಹನ್ನೆರಡು ವರ್ಷ ಸುದ್ದಿಯಿಲ್ಲದ್ದರಿಂದ ತಮ್ಮ ವಿಶ್ವನಾಥ ಶಾಸ್ತ್ರದಂತೆ ದರ್ಭೆಯ ಬೊಂಬೆ ಮಾಡಿ ಸುಟ್ಟಿದ್ದ. ವಿಷ್ಣುಮೂರ್ತಿಯ ಹೆಂಡತಿ ಅಂಬುಜಾಳ ಹಣೆ ಬರಿದಾಗಿತ್ತು.

ಬದುಕಿದ್ದೂ ಏಕೆ ಬರಲಿಲ್ಲವೆಂಬ ಪ್ರಶ್ನೆಗೆ ಅವನದು ಒಂದೇ ಉತ್ತರ. ಹಿಂದೆಗೆಯುವಾಗ ನಡೆಯಲಾರದ ಸೈನಿಕರನ್ನು ನದಿಯ ಆಚೆ ದಂಡೆಯಲ್ಲಿ ಬಿಟ್ಟುಬರಲು ಆಜ್ಞೆ ಕೊಟ್ಟವನು ತಾನು. ಅವರ ತಾಯಂದಿರಿದ್ದ ನೆಲಕ್ಕೆ ಮರಳುವ ಮುಖವಿರಲಿಲ್ಲ. ಹೆಸರು ಬದಲಿಸಿಕೊಂಡು ಬರ್ಮಾದಲ್ಲೇ, ಮೌಲ್ಮೇನಿನ ಮರದ ಮಿಲ್ಲಿನಲ್ಲಿ ದುಡಿದ. ಈಗ ಕೆಮ್ಮಿದರೆ ರಕ್ತ ಬೀಳುತ್ತಿತ್ತು. ಸಾಯುವ ಮೊದಲು ಕೆಲವು ದಿನವಾದರೂ ಅಂಬುಜಾಳ ಗಂಡನಾಗಿರಬೇಕೆಂಬ ಆಸೆಯೊಂದೇ ಅವನನ್ನು ಹಡಗು ಹತ್ತಿಸಿತ್ತು.

ಪುರೋಹಿತ ರಾಮದಾಸ ಭಟ್ಟರು ದಾರಿ ತೋರಿಸಿದರು. ಕ್ರಿಯೆಯಾದವನು ಮತ್ತೆ ಹುಟ್ಟಬೇಕು. ತುಪ್ಪ ಪೂಸಿಕೊಂಡು, ಗರ್ಭದ ಶಿಶುವಿನಂತೆ ಕೊಪ್ಪರಿಗೆಯಲ್ಲಿ ಕೂತು ಏಳಬೇಕು. ಜಾತಕರ್ಮದಿಂದ ಉಪನಯನದವರೆಗೆ ಎಲ್ಲವೂ ಹೊಸದಾಗಿ ಆಗಬೇಕು. ಕೊನೆಗೆ ಅದೇ ಹೆಂಡತಿಯನ್ನು ಧಾರೆಯೆರೆಸಿಕೊಳ್ಳಬೇಕು. ವಿಶ್ವನಾಥ ತಾನು ಮ್ಯಾನೇಜರ್ ಆಗಿದ್ದ ಹೋಟೆಲಿನಿಂದ ಸಾಂಬಾರಿನ ಕೊಪ್ಪರಿಗೆ ತರಿಸಿದ. ಒಂದು ಸನ್ನೆಗೆ ಇಡೀ ಪಡೆಯನ್ನು ನಿಲ್ಲಿಸಿದ್ದವನು ಮೊಣಕಾಲು ಮಡಚಿ, ಮುಷ್ಟಿ ಬಿಗಿದು ಅದರೊಳಗೆ ಕೂತ.

"ಅಳಬೇಕಾ ಭಟ್ರೇ?" ಎಂದು ಕೇಳಿದ.

"ಬೇಡ ಮಾರಾಯ್ರೆ. ಇಷ್ಟು ದೊಡ್ಡ ಶಿಶು ಅತ್ರೆ ಪಕ್ಕದ್ಮನೆ ತಮಿಳ್ರು ಓಡಿ ಬಂದಾರು."

ಎಲ್ಲರೂ ನಕ್ಕರು. ಅವನೂ ನಕ್ಕ; ನಗು ಕೆಮ್ಮಾಯಿತು.

ಧಾರೆಯ ಹೊತ್ತಿಗೆ ವಿಶ್ವನಾಥ ಹಸಿರು ಬಳೆ, ಹೂವು, ಕುಂಕುಮ ಜೋಡಿಸಿಟ್ಟಿದ್ದ. ಅಂಬುಜಾ ಒಳಬಾಗಿಲಿನಲ್ಲೇ ನಿಂತಳು.

"ಕ್ರಿಯೆ ಮಾಡುವಾಗ ನನ್ನನ್ನು ಕೇಳ್ಲಿಲ್ಲ. ಇದಕ್ಕೂ ಕೇಳ್ಲಿಲ್ಲ," ಎಂದಳು.

ವಿಶ್ವನಾಥ ಅತ್ತಿಗೆಯನ್ನು ಸಮಾಧಾನಿಸಲು ಎದ್ದ. ವಿಷ್ಣುಮೂರ್ತಿ ಕೈಯೆತ್ತಿ ತಡೆದ.

ಅವಳು ಗಂಡನನ್ನೇ ನೋಡಿ ಹೇಳಿದಳು: "ನಿಮ್ಮ ಕೆಮ್ಮು ನನಗೂ ಕೇಳ್ತದೆ. ಇವತ್ತು ಬಳೆ ತೊಟ್ರೆ ದೀಪಾವಳಿಯೊಳಗೆ ಮತ್ತೆ ಒಡೀಬೇಕು. ಒಮ್ಮೆ ಒಡ್ಸಿಕೊಂಡದ್ದು ಸಾಕು. ಔಷಧಿ ಕೊಡ್ತೇನೆ, ಗಂಜಿ ಕೊಡ್ತೇನೆ. ಬಳೆ ಬೇಡ."

ನದಿಯ ಆ ದಂಡೆಯಲ್ಲಿ ಉಳಿದ ಸೈನಿಕರು ಇಷ್ಟನ್ನೂ ಹೇಳಿರಲಿಲ್ಲ, ಸುಮ್ಮನೆ ನೋಡಿದ್ದರು. ಅವನು ಭಟ್ಟರತ್ತ ತಿರುಗಿ, ಧಾರೆಯ ಕಾಯಿ ಎತ್ತಿಡಲು ಹೇಳಿದ.

ಮಧ್ಯಾಹ್ನ ಅಂಬುಜಾ ಜಗಲಿಗೆ ಗಂಜಿ ತಂದಿಟ್ಟಳು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ಗಂಡನ ಹೆಸರು ಹೇಳಬಾರದೆನ್ನುವ ಮನೆಯಲ್ಲಿ ಬೆಳೆದವಳು, ಮದುವೆಯಾದಂದಿನಿಂದ ಒಮ್ಮೆಯೂ ಆ ಹೆಸರನ್ನು ನಾಲಿಗೆಗೆ ತಂದವಳಲ್ಲ.

"ವಿಷ್ಣುಮೂರ್ತಿಗಳೇ," ಎಂದಳು. "ಏಳಿ, ಗಂಜಿ ಆರ್ತದೆ."

ಅವನು ಎದ್ದು ಕೂತು ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.