ಕಾಣದವರ ಮುಂದೆ ಮನಸ್ಸಿನ ಮಾತು

ಹಾಸ್ಟೆಲಿನ ಊಟದ ಮನೆಯಲ್ಲಿ ಟೈಲರ್ ಮಗಳು ದಿನಾ ಗೋಡೆ ಪಕ್ಕದ ಮೇಜಿನಲ್ಲೇ ಕೂರುತ್ತಿದ್ದಳು. ಜೊತೆಗೆ ಯಾರೂ ಇಲ್ಲವೆಂದು ನಾಲ್ಕು ಜನಕ್ಕೆ ತಿಳಿಯಬಾರದಲ್ಲ, ಫೋನನ್ನು ಕಿವಿಗಿಟ್ಟು “ಹೌದಾ? ಆಮೇಲೆ?” ಎನ್ನುತ್ತಾ ಸುಮ್ಮನೆ ನಗುತ್ತಿದ್ದಳು. ಆ ಕಡೆ ಯಾರೂ ಇರುತ್ತಿರಲಿಲ್ಲ. ತಟ್ಟೆಯ ಊಟ ಅರ್ಧಕ್ಕೇ ಬಿಟ್ಟೇಳುತ್ತಿದ್ದಳು. ತರಗತಿಗೆ ಹೋಗುವುದೂ ತಪ್ಪಿತ್ತು. ಓದು ಬಿಟ್ಟು ಮನೆಗೆ ಹೋಗಿಬಿಡೋಣವೆಂದು ಬಟ್ಟೆ ಮಡಿಸಿಟ್ಟಿದ್ದಳು.

ಒಂದು ಮಧ್ಯಾಹ್ನ ಹಾಗೆ ನಗುತ್ತಿರುವಾಗಲೇ ಕಿವಿಗಿಟ್ಟ ಫೋನು ಗಣಗಣ ಹೊಡೆದುಕೊಂಡಿತು. ಅಪ್ಪನ ಕರೆ! ಎದುರಿನ ಹುಡುಗಿಯರು ಕಿಸಕ್ಕೆಂದರು. ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ತಟ್ಟೆ ಬಿಟ್ಟು ಹೊರಗೋಡಿದಳು.

ಹಿಂದೆಯೇ ಬಂದವಳು ಕೊನೆಯ ವರ್ಷದ ಉದ್ದಜಡೆ ಅಕ್ಕ. ಮೆಟ್ಟಿಲ ಮೇಲೆ ಪಕ್ಕದಲ್ಲೇ ಕೂತಳು.

“ನಗೋಕೆ ಬಂದ್ಯಾ ಅಕ್ಕಾ?”

“ಇಲ್ವೇ. ಮೊದಲ ವರ್ಷ ನಾನು ನಲ್ಲಿ ಬಿಟ್ಕೊಂಡು ಅಳ್ತಿದ್ದೆ, ಸದ್ದು ಕೇಳಿಸಬಾರದು ಅಂತ. ನಮ್ಮ ವಿಶ್ವವಿದ್ಯಾಲಯದ ಆಪ್ ಇದ್ಯಲ್ಲ, ಅದರಲ್ಲಿ ಮನಸ್ಸಿನ ಕಷ್ಟ ಕೇಳೋ ಆಪ್ತಸಮಾಲೋಚಕರ ಹತ್ರ ಬರೆದು ಮಾತಾಡಿದ್ಮೇಲೆ ಉಸಿರಾಡೋ ಹಾಗಾಯ್ತು.”

“ನನಗೇನು ಹುಚ್ಚಾ?”

“ಹಲ್ಲುನೋವಿಗೆ ಡಾಕ್ಟರ ಹತ್ರ ಹೋದೋರೆಲ್ಲ ಬೊಚ್ಚುಬಾಯಿನೋರಾ?”

ಅವಳಿಗೆ ನಗು ಬರಲಿಲ್ಲ. “ಮೇಷ್ಟ್ರಿಗೆ ಗೊತ್ತಾದ್ರೆ? ಅಪ್ಪನ ಕಿವಿಗೆ ಬಿದ್ರೆ? ಅಲ್ಲಿ ಮಾತಾಡೋದು ಮನುಷ್ಯರೋ, ಯಂತ್ರನೋ?”

“ಅದನ್ನೇ ಅವರನ್ನ ಮೊದಲು ಕೇಳು. ಉತ್ತರ ಸರಿ ಅನ್ನಿಸದಿದ್ರೆ ಆಪ್ ಮುಚ್ಚಿಬಿಡು. ನನಗೂ ಮೊದಲು ಸಿಕ್ಕವರು ಸರಿಹೋಗ್ಲಿಲ್ಲ, ಬೇರೆಯವರನ್ನ ಕೇಳ್ಕೊಂಡೆ.”

ಕೋಣೆಗೆ ಬಂದು ಅವಳು ಆ ಆಪ್ ತೆರೆದು ‘ಚೆನ್ನಾಗಿದ್ದೀನಿ’ ಎಂದು ಬರೆದಳು. ಅಳಿಸಿದಳು. ಕೊನೆಗೆ ಕೇಳಿದಳು: ‘ಇದನ್ನ ಯಾರು ಓದ್ತಾರೆ?’

‘ನಾನು, ಆಪ್ತಸಮಾಲೋಚಕಿ. ಮನುಷ್ಯಳೇ. ನಿಮ್ಮ ಮಾತು ನಮ್ಮಲ್ಲೇ ಇರುತ್ತೆ. ನಿಮ್ಮ ಜೀವಕ್ಕೆ ಅಪಾಯ ಅನ್ನಿಸಿದರೆ ಮಾತ್ರ ಇನ್ನೊಬ್ಬರ ನೆರವು ಕೇಳ್ತೀನಿ. ಇವತ್ತು ಊಟ ಆಯ್ತಾ?’

ಕಣ್ಣೀರಿನ ಕಟ್ಟೆಯೊಡೆಯಿತು. ‘ಇಲ್ಲ’ ಎಂದು ಬರೆದಳು. ಆಮೇಲೆ ಬರೆಯುತ್ತಲೇ ಹೋದಳು.

ಒಂಟಿತನ ರಾತ್ರಿ ಬೆಳಗಾಗುವುದರಲ್ಲಿ ಓಡಿಹೋಗಲಿಲ್ಲ. ಈಗಲೂ ಕೆಲವು ಸಂಜೆ ಕೋಣೆ ನುಂಗುವಂತೆ ಬಾಯಿ ತೆರೆದುಕೊಂಡೇ ಇರುತ್ತದೆ. ಆದರೆ ತರಗತಿಗೆ ಹೋಗತೊಡಗಿದಳು. ಆಪ್‌ನಲ್ಲಿ ಸಮಾಲೋಚಕಿಯ ಜೊತೆ ಮಾತಾಡುತ್ತಿರುವುದನ್ನು ಅಪ್ಪನಿಗೂ ತಾನೇ ಫೋನು ಮಾಡಿ ಹೇಳಿದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

“ಮುಖ ಕಾಣದವರ ಮುಂದೆ ಮನೆ ಮಾತಾ ಮಗಳೇ?”

“ಮುಖ ಕಾಣೋರ ಮುಂದೆ ಹೇಳೋಕೆ ಆಗ್ಲಿಲ್ಲಪ್ಪ.”

ಅಪ್ಪ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. “ಹಾಗಾದ್ರೆ ಬಿಡಬೇಡ. ಮಾತಾಡು,” ಎಂದರು.

ಓದುವ ಮಕ್ಕಳೇ, ಎದೆಯ ಭಾರ ಒಬ್ಬರೇ ಹೊರಬೇಡಿ. ನಿಮ್ಮ ಕಾಲೇಜಿನಲ್ಲಿ ಇಂಥ ಸೇವೆ ಇದೆಯೇ ವಿಚಾರಿಸಿ. ಅನುಮಾನವಿದ್ದರೆ ನಾಚದೆ ಕೇಳಿ. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ ಆಪ್ ತೆರೆದು ಕಾಯಬೇಡಿ, ಹತ್ತಿರದವರನ್ನು ಕೂಗಿ, ಆಸ್ಪತ್ರೆಗೆ ಹೋಗಿ. ಉಳಿದಂತೆ, ಮೊದಲ ಸಾಲು ಬರೆಯುವುದೇ ಕಷ್ಟ. ಇವತ್ತೇ ಬರೆದುಬಿಡಿ.