ಘರ್ಷಣೆಗೆ ಎರಡು ಅರ್ಥ

ಮಕ್ಕಳು ನನಗಿಟ್ಟಿರುವ ಅಡ್ಡಹೆಸರು ಉಪ್ಪುಕಾಗದ. ಬಡಗಿಗಳು ಮರ ಉಜ್ಜುವ ಒರಟು ಕಾಗದವಿದೆಯಲ್ಲ, ಅದು. ನನ್ನ ಮಾತು ತಾಗಿದರೆ ಚರ್ಮ ಕಿತ್ತುಬರುತ್ತದಂತೆ. ಬೆನ್ನ ಹಿಂದೆ ಕರೆಯುತ್ತಾರೆ, ನಾನು ಕಿವುಡಿಯ ಹಾಗೆ ಇದ್ದುಬಿಡುತ್ತೇನೆ. ಅವತ್ತು ನಿಜವಾದ ಉಪ್ಪುಕಾಗದವನ್ನೇ ಕೈಯಲ್ಲಿ ಹಿಡಿದು ತರಗತಿಗೆ ಹೋದಾಗ ಹಿಂದಿನ ಬೆಂಚು ಮುಸಿಮುಸಿ ನಕ್ಕಿತು. ನಗಲಿ ಅಂತ ಬಿಟ್ಟೆ. ಸಾಬೂನು ಕಾರ್ಖಾನೆಯ ಕೆಲಸಗಾರರ ಮಕ್ಕಳು ಓದುವ ಶಾಲೆ ನಮ್ಮದು. ಆ ತಿಂಗಳು ಅಲ್ಲಿ ನಗು ಕೇಳಿದ್ದೇ ಅಪರೂಪ.

ಹಲಗೆಯೊಂದನ್ನು ಓರೆಯಾಗಿ ಆನಿಸಿ ಮೇಲಿಂದ ಆಟದ ಲಾರಿ ಬಿಟ್ಟೆ. ಬರಿ ನೆಲದ ಮೇಲೆ ಅದು ಗೋಡೆಗೆ ಗುದ್ದುವವರೆಗೂ ಓಡಿತು. ಕಂಬಳಿ ಹಾಸಿದಾಗ ಅರ್ಧ ದಾರಿಯಲ್ಲೇ ನಿಂತಿತು.

"ಯಾಕೆ ನಿಲ್ತು?"

"ಡ್ರೈವರ್‌ಗೆ ನಿದ್ದೆ ಬಂತು ಟೀಚರ್," ಅಂದ ಒಬ್ಬ ಅಧಿಕಪ್ರಸಂಗಿ. ಎಲ್ಲರ ಜೊತೆ ನಾನೂ ನಕ್ಕೆ. ನಗುತ್ತಲೇ ಬೋರ್ಡಿನತ್ತ ತಿರುಗಿ ಪಾಠದ ಹೆಸರು ಬರೆದೆ: ಘರ್ಷಣೆ.

ನಗು ತಟ್ಟನೆ ನಿಂತಿತು. ಹಿಂದಿರುಗಿ ನೋಡಿದರೆ ತರಗತಿಗೆ ತರಗತಿಯೇ ಕಿಟಕಿ ಪಕ್ಕದ ಗುಬ್ಬಿಯನ್ನು ನೋಡುತ್ತಿತ್ತು.

ಗುಬ್ಬಿ ಅಂದರೆ ಹಿಡಿಯಷ್ಟಿರುವ ಹುಡುಗಿ, ಬಾಯಿ ಮಾತ್ರ ಬೊಂಬಾಯಿ. ಅಪ್ಪ ಸತ್ತ ಮೇಲೆ ಆ ಬಾಯಿಗೆ ಬೀಗ ಬಿದ್ದಿತ್ತು. ಸಾಬೂನು ಕುದಿಸುವ ವಿಭಾಗದಲ್ಲಿ ಅವನು ಹಿಮ್ಮುಖವಾಗಿ ಬಿದ್ದ, ಕಬ್ಬಿಣದ ತೊಟ್ಟಿಯ ಅಂಚು ತಲೆಗೆ ಬಡಿಯಿತು. ಅದಕ್ಕೆ ಸ್ವಲ್ಪ ಮೊದಲು ಅವನಿಗೂ ಅವನ ಹೆಂಡತಿಯ ತಮ್ಮನಿಗೂ ಪಾಳಿ ಬದಲಾಯಿಸುವ ವಿಷಯದಲ್ಲಿ ನಾಲ್ಕು ಜನರೆದುರು ಜೋರು ಮಾತಾಗಿತ್ತು. ಮ್ಯಾನೇಜರಿಗೆ ಅಷ್ಟು ಸಾಕಾಯಿತು. ಭಾಮೈದನೇ ತಳ್ಳಿದ ಎಂದು ಪೊಲೀಸರಿಗೆ ಹೇಳಿದರು. ಮರುದಿನ ಪತ್ರಿಕೆಯಲ್ಲಿ 'ಕಾರ್ಖಾನೆಯಲ್ಲಿ ಘರ್ಷಣೆ: ಕಾರ್ಮಿಕ ಸಾವು' ಎಂದು ಬಂತು. ಗುಬ್ಬಿಯ ಮಾವ ಜೈಲು ಸೇರಿದ. ಈ ಮಕ್ಕಳು ಜೀವಮಾನದಲ್ಲಿ ಆ ಪದ ಓದಿದ್ದು ಅದೊಂದೇ ಸಲ. ಪಠ್ಯಪುಸ್ತಕ ಬರೆದ ಪುಣ್ಯಾತ್ಮರಿಗೆ ಬೇರೆ ಪದ ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಶಪಿಸಿದೆ.

"ಇದು ಆ ಘರ್ಷಣೆ ಅಲ್ಲ," ಅಂದೆ. "ಎರಡು ವಸ್ತು ಒಂದಕ್ಕೊಂದು ತಾಗಿ ಸರಿಯೋವಾಗ, ಆ ಸರಿಯೋದನ್ನ ತಡೆಯೋ ಬಲ. ಲಾರಿಯನ್ನ ಕಂಬಳಿ ಹಿಡಿದು ನಿಲ್ಲಿಸ್ತಲ್ಲ, ಹಾಗೆ. ನಾವು ನೆಲದ ಮೇಲೆ ನೆಟ್ಟಗೆ ನಿಂತಿರೋದೂ ಇದರಿಂದಾನೇ."

ಗುಬ್ಬಿ ಕೈ ಎತ್ತಿದಳು. ಎಷ್ಟೋ ದಿನದ ಮೇಲೆ. "ಇದು ಇಲ್ಲದಿದ್ರೆ?"

"ಜಾರಿ ಬೀಳ್ತೀವಿ."

"ಯಾರೂ ತಳ್ಳದಿದ್ರೂ?"

"ಯಾರೂ ತಳ್ಳದಿದ್ರೂ."

ಅವಳು ಕೈ ಇಳಿಸಲು ಮರೆತು ಹಾಗೇ ಕೂತಿದ್ದಳು.

ಮರುದಿನ ಚೀಲದಲ್ಲಿ ಒಂದು ಬೂಟು ತಂದಳು. ಅಪ್ಪನದು. ಆಸ್ಪತ್ರೆಯವರು ಬಟ್ಟೆಯ ಜೊತೆ ಕಟ್ಟಿ ಕೊಟ್ಟಿದ್ದು. ಅದರ ಅಡಿಯಲ್ಲಿ ನೆಲ ಕಚ್ಚಿ ಹಿಡಿಯುವ ಗೀರು ಒಂದೂ ಉಳಿದಿರಲಿಲ್ಲ, ಅಂಗೈಯಷ್ಟು ನುಣ್ಣಗೆ ಸವೆದಿತ್ತು.

"ಲಾರಿ ಬದಲು ಇದನ್ನ ಇಡಿ ಟೀಚರ್."

ಬೇಡ ಅನ್ನಬಹುದಿತ್ತು. ಆ ಮುಖ ನೋಡಿ ಅನ್ನಲಾಗಲಿಲ್ಲ. ಹಲಗೆಗೆ ಸಾಬೂನಿನ ನೀರು ಸವರಿದೆ, ಕಾರ್ಖಾನೆಯ ನೆಲ ದಿನವಿಡೀ ಇರುವುದು ಹಾಗೆಯೇ. ಹಿಂದಿನ ಬೆಂಚಿನವನ ಹೊಸ ಬೂಟನ್ನು ಪಕ್ಕದಲ್ಲಿಟ್ಟು ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತಿದೆ. ಹೊಸದು ಕಚ್ಚಿಕೊಂಡು ನಿಂತಿತು. ಹಳೆಯದು, ಹಲಗೆ ಓರೆಯಾಯಿತೋ ಇಲ್ಲವೋ ಅನ್ನುವಷ್ಟರಲ್ಲಿ, ಸರ್ರನೆ ಜಾರಿ ದೊಪ್ಪೆಂದು ನೆಲಕ್ಕೆ ಬಿತ್ತು.

ಗುಬ್ಬಿ ಬೂಟನ್ನು ಎತ್ತಿಕೊಂಡು ಬಂದು ಮತ್ತೆ ಹಲಗೆಯ ಮೇಲಿಟ್ಟಳು. ಮತ್ತೆ ಬಿತ್ತು.

"ಮಾವ ತಳ್ಳಿಲ್ಲ," ಅಂದಳು. ನನಗಲ್ಲ, ಬೂಟಿಗೆ. ಆಮೇಲೆ ನನ್ನತ್ತ ತಿರುಗಿ, "ಸೋಮವಾರ ಅಮ್ಮ ಕೋರ್ಟಲ್ಲಿ ಹೇಳಿಕೆ ಕೊಡ್ಬೇಕು ಟೀಚರ್. ಅದಕ್ಕೆ ಮುಂಚೆ ಅಮ್ಮಂಗೆ ಇದನ್ನ ತೋರಿಸ್ತೀರಾ?"

ಸಂಜೆ ಹಲಗೆ ಬಗಲಲ್ಲಿಟ್ಟುಕೊಂಡು ಅವಳ ಹಿಂದೆ ಹೋದೆ. ಕಾರ್ಖಾನೆಯ ಕ್ವಾರ್ಟರ್ಸಿನ ಒಂಟಿ ಕೋಣೆ. ಮಂಚ, ಸ್ಟೌವ್, ಕಿಟಕಿಯ ಸರಳಿಗೆ ಒಣಹಾಕಿದ ಸಮವಸ್ತ್ರ. ತಾಯಿ ಆಗತಾನೆ ಕೆಲಸದಿಂದ ಬಂದಿದ್ದಳು. ಗಂಡ ಸತ್ತ ಮೇಲೆ ಅವಳಿಗೆ ಪ್ಯಾಕಿಂಗಿನಲ್ಲಿ ಕೆಲಸ ಕೊಟ್ಟಿದ್ದರು. ಸ್ಟೌವಿನ ಪಕ್ಕದ ಕಟ್ಟೆಯ ಮೇಲೆಯೇ ಹಲಗೆ ಇಟ್ಟು, ಸಾಬೂನಿನ ನೀರು ಸವರಿ, ಬೂಟು ಜಾರಿಸಿ ತೋರಿಸಿದೆ. ಪಾಠ ಮಾಡುವ ಹುರುಪಿನಲ್ಲಿ ಘರ್ಷಣೆ, ಮೇಲ್ಮೈ ಎಂದೆಲ್ಲ ವಿವರಿಸಿದೆ. ಗುಬ್ಬಿ ತಾಯಿಯ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದ್ಸಲ ಬೀಳಿಸ್ಬೇಡಿ ಟೀಚರ್," ಅಂದಳು ತಾಯಿ. "ನಂಗೊತ್ತು."

"ಏನು ಗೊತ್ತು?"

"ಜಾರಿ ಬಿದ್ದಿದ್ದು. ಹೊಸ ಬೂಟು ಕೊಡಿ ಅಂತ ಕೇಳಿ ಕೇಳಿ ಅವರ ಬಾಯಿನೂ ಸವೆದು ಹೋಗಿತ್ತು. ನನ್ನ ತಮ್ಮ ತಳ್ತಾನಾ? ಸೊಂಟದ ಮೇಲೆ ಎತ್ತಿ ಬೆಳೆಸಿದೋಳು ನಾನು. ಇರುವೆ ತುಳಿದ್ರೂ ಅಳ್ತಿದ್ದ."

"ಮತ್ತೆ ಹಾಗಂತ ಕೋರ್ಟಲ್ಲಿ ಹೇಳಿ."

ಅವಳು ಬೂಟನ್ನೆತ್ತಿ ಬಟ್ಟೆಯಿಂದ ಒರೆಸತೊಡಗಿದಳು. "ಜಾರಿ ಬಿದ್ರು ಅಂದ್ರೆ ತಪ್ಪು ಕಾರ್ಖಾನೆದು. ಆಮೇಲೆ ಈ ಕೋಣೆ ಇರಲ್ಲ, ಕೆಲಸ ಇರಲ್ಲ. ಮ್ಯಾನೇಜರ್ ಬಾಯಿ ಬಿಟ್ಟು ಹೇಳಿಲ್ಲ. ಈ ಕೋಣೆ ಬೀಗದ ಕೈ ಕೊಟ್ರು, ಹೇಳಿಕೆ ಕೊಡೋವಾಗ ಮಗಳ ಬಗ್ಗೆ ಯೋಚನೆ ಮಾಡಮ್ಮ ಅಂದ್ರು, ಅಷ್ಟೇ." ಬೂಟಿನ ಅಡಿ ಒರೆಸುತ್ತ ಅಂದಳು, "ತಮ್ಮನಿಗೆ ಅಲ್ಲಿ ಎರಡು ಹೊತ್ತು ಊಟನಾದ್ರೂ ಹಾಕ್ತಾರೆ. ಇವಳನ್ನ ಕರ್ಕೊಂಡು ನಾನು ಯಾವ ಬಾಗಿಲಿಗೆ ಹೋಗ್ಲಿ?"

ನಾಲಿಗೆ ತುದಿಯಲ್ಲಿದ್ದ ಬೈಗುಳವೆಲ್ಲ ಮ್ಯಾನೇಜರನಿಗೆ ಸಲ್ಲಬೇಕಾದದ್ದು, ಆದರೆ ಎದುರಿಗೆ ಕೂತವಳು ಇವಳು. ಊರಿಗೆಲ್ಲ ಉಪ್ಪುಕಾಗದವಾದ ನಾನು ತುಟಿ ಬಿಚ್ಚದೆ ನಿಂತೆ.

ಅವಳು ಬೂಟನ್ನು ಮಂಚದ ಕೆಳಗಿನ ಟ್ರಂಕಿಗೆ ಹಾಕಿ ಚಿಲಕ ಜಡಿದಳು. ಮಗಳನ್ನು ಹತ್ತಿರ ಎಳೆದುಕೊಂಡು ಕೇಳಿದಳು, "ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ?"

ಗುಬ್ಬಿ ನನ್ನತ್ತ ನೋಡಿದಳು. ನಾನು ಹಲಗೆಯ ಮೇಲಿನ ನೀರು ಒರೆಸುತ್ತಿದ್ದೆ.

ಮಾರನೆಯ ದಿನ ಗುಬ್ಬಿಯ ಮಾವನ ವಕೀಲರ ಹತ್ತಿರ ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೂಟು ಎಲ್ಲಿ ಎಂದರು. ತಾಯಿಯ ಟ್ರಂಕಿನಲ್ಲಿದೆ ಎಂದೆ. "ಅವರೇ ಕೊಡಲ್ಲ ಅಂದ್ರೆ ನಾನೇನು ಮಾಡ್ಲಿ? ನೀವು ಸ್ಥಳದಲ್ಲಿ ಇದ್ರಾ?" ಎಂದು ಕೇಳಿ ಮುಂದಿನ ಕಕ್ಷಿದಾರನನ್ನು ಕರೆದರು. ಸೋಮವಾರ ತಾಯಿ ಹೇಳಿಕೆ ಕೊಟ್ಟಳು. ತಮ್ಮನಿಗೂ ಗಂಡನಿಗೂ ಮೊದಲಿಂದ ಆಗುತ್ತಿರಲಿಲ್ಲ ಎಂದಳಂತೆ. ಕಟಕಟೆಯಲ್ಲಿ ನಿಂತಿದ್ದ ತಮ್ಮ, "ಅಕ್ಕಾ" ಎಂದು ಒಂದೇ ಸಲ ಕರೆದನಂತೆ.

ವಾರದ ಕೊನೆಯಲ್ಲಿ ಬಾಯಿಪರೀಕ್ಷೆ. ಬೆಂಚಿನ ಸಾಲು ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತ ಬಂದೆ. ಗುಬ್ಬಿಯನ್ನು ದಾಟಿ ಹೋಗಬಹುದಿತ್ತು. ಆದರೆ ಆ ಪಾಠ ಅವಳಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ.

"ಘರ್ಷಣೆ ಅಂದ್ರೇನು?"

ಅವಳು ಎದ್ದು ಬೆಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಇಬ್ಬರ ಮಧ್ಯೆ ನಡೆಯೋ ಜಗಳ, ಟೀಚರ್."

ಯಾರೂ ನಗಲಿಲ್ಲ. ತರಗತಿಯ ಮುಕ್ಕಾಲು ಮಕ್ಕಳು ಅದೇ ಕ್ವಾರ್ಟರ್ಸಿನವರು.

"ತಪ್ಪು," ಅಂದೆ.

"ಗೊತ್ತು ಟೀಚರ್," ಅಂದು ಅವಳು ಕೂತಳು.