ಇಳಿದುಕೊಳ್ಳಬೇಕಾದ ಊರು

ಶೇಖರನ ಹಡಗು ಹೊರಡಲು ಇನ್ನು ಐದು ತಾಸು ಉಳಿದಿತ್ತು. ಫ್ರಾನ್ಸಿನಲ್ಲಿ ಅವನು ಯಾವ ಊರಲ್ಲಿ ಇಳಿದುಕೊಳ್ಳಬೇಕೆಂಬ ಮಾತು ಮಲ್ಲವ್ವನ ಗಂಟಲಲ್ಲಿ ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಉಡುಪಿ ಕಡೆಯ ಈ ಶೇಖರ ಸಯನ್ ಬಡಾವಣೆಯ ಬಿಲ್ಡಿಂಗಿನಲ್ಲಿ ಮಲ್ಲವ್ವನ ಪಕ್ಕದ ಖೋಲಿಯವನು, ಗಿರಣಿಯ ಇಂಜಿನಿಯರು. ಯಂತ್ರ ನೋಡಿಬರಲು ಗಿರಣಿಯವರು ಕಳಿಸುತ್ತಿದ್ದರು. ಅಲ್ಲಿ ಅವನಿಗೆ ಸಿಗುವ ರಜೆ ಎರಡೇ ದಿನ. ಆ ಎರಡನ್ನೂ ಮಲ್ಲವ್ವನ ಗಂಡನಿಗೆಂದೇ ಎತ್ತಿಟ್ಟಿದ್ದ ಪುಣ್ಯಾತ್ಮ. ಗಂಡ ಪರಪ್ಪ ಮೊದಲ ಮಹಾಯುದ್ಧಕ್ಕೆ ಗಾಯಾಳುಗಳನ್ನು ಹೊರಲು ಬೆಳಗಾವಿಯಿಂದ ಹೋದವನು. 'ಕಾಣೆಯಾಗಿದ್ದಾನೆ' ಎಂದು ಸರಕಾರದ ಕಾಗದ ಬಂದು ಮೂವತ್ತೊಂಬತ್ತು ವರ್ಷವಾಗಿತ್ತು.

ಮಗ ದಾನಪ್ಪ ರೇಲ್ವೆ ಗುಮಾಸ್ತ. ನಕಾಶೆ ಹರಡಿಕೊಂಡು ಕೂತಿದ್ದ.

"ಬೆಥೂನ್‌ದಾಗ ಇಳೀರಿ. ಕಾಣಿಯಾದವರ ಹೆಸರು ಕೆತ್ತಿದ ಗ್ವಾಡಿ ಅಲ್ಲಿಂದ ಹತ್ರ."

"ಬುಲೋನಿನಲ್ಲಿಯೂ ನಮ್ಮ ಸಿಪಾಯಿಗಳ ಸ್ಮಶಾನ ಉಂಟಂತಲ್ಲ ಮಾರಾಯ್ರೆ?" ಎಂದ ಶೇಖರ.

"ಅದು ಸಮುದ್ರದ ದಂಡಿ, ಇನ್ನೊಂದು ಮೂಲಿ. ದವಾಖಾನ್ಯಾಗ ಸತ್ತವರನ್ನ ಹುಗದದ್ದು. ನಮ್ಮಪ್ಪ ಕಾಣಿಯಾದಾಂವ. ಎರಡು ದಿನದಾಗ ಎರಡೂ ಆಗೂದಿಲ್ಲ."

ಶೇಖರ ಬೆಥೂನಿನ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದ.

ಮಲ್ಲವ್ವನ ಕೈ ಎದೆಗೆ ಹೋಯಿತು. ಕುಪ್ಪಸದೊಳಗೆ ಎರಡು ಕರಡಿಗೆಗಳಿದ್ದವು. ಒಂದರಲ್ಲಿ ಅವಳ ಲಿಂಗ, ಇನ್ನೊಂದರಲ್ಲಿ ಪರಪ್ಪನದು. ಕಾಗದ ಬಂದ ವರ್ಷವೇ ಅವನ ಜೊತೆಗಾರನೊಬ್ಬ ಮರಳಿ ಬಂದು, ಬಾವಿಯ ಹತ್ತಿರ ಅದನ್ನು ಅವಳ ಕೈಗಿಟ್ಟಿದ್ದ. ಬುಲೋನಿನ ದವಾಖಾನೆಯಲ್ಲಿ ಗಾಯ ಕಟ್ಟುವಾಗ ಶಿವದಾರ ಕತ್ತರಿಸಿದ್ದರಂತೆ. ಪರಪ್ಪ ಅಲ್ಲೇ ತೀರಿಕೊಂಡಾಗ, ಸುಡಬೇಡಿರೆಂದು ಈ ಜೊತೆಗಾರ ಕಾಲು ಹಿಡಿದದ್ದಕ್ಕೆ ಹುಗಿದರು. ಆದರೆ ಕರಡಿಗೆ ಹುಡುಕಿ ತರುವಷ್ಟರಲ್ಲಿ ಮಣ್ಣು ಮುಚ್ಚಿಯಾಗಿತ್ತು. ಬಾಗಿಲಿನಿಂದ ಮೂರನೆಯ ಕುಣಿ. ಹೆಸರು ಕೂಡ ಯಾರೂ ಕೇಳಲಿಲ್ಲ, ಹಾಗಾಗಿ ಸರಕಾರದ ಲೆಕ್ಕದಲ್ಲಿ ಅವನು ಕಾಣೆಯಾದವನು.

ಅಂಗೈಯಲ್ಲಿ ಲಿಂಗವಿಲ್ಲದೆ ಗಂಡ ಪರದೇಶದ ಮಣ್ಣಲ್ಲಿದ್ದಾನೆಂಬುದು ಅವಳ ಕರುಳನ್ನು ಅಂದಿನಿಂದ ತಿಂದಿದೆ. ಆದರೆ ಆಗ ಅವಳಿಗೆ ಹತ್ತೊಂಬತ್ತು, ಎದೆಯಲ್ಲಿ ಕೂಸು. ಬಾಯಿ ಬಿಟ್ಟಿದ್ದರೆ ಬಳೆ ಒಡೆಸಿ, ಕುಂಕುಮ ಒರೆಸಿ ಮೂಲೆಗೆ ಕೂಡಿಸುತ್ತಿದ್ದರು. ಕಾಣೆಯಾದವನು ಬಂದಾನು, ಬಂದಾನು ಎಂದಮೇಲೆ ಅವಳು ಮುತ್ತೈದೆ. ಸುಳ್ಳು ಹೇಳಿದಳೆಂದು ಬೈಯುವವರು ಬೈಯಲಿ. ಹತ್ತೊಂಬತ್ತರ ಹುಡುಗಿಯ ಬಳೆಗೆ ಕೈ ಹಾಕುವವರಿಗೆ ಬೈಯಲು ಬಾಯಾದರೂ ಎಲ್ಲಿದೆ? ಇವತ್ತಿಗೂ ಈ ಬಿಲ್ಡಿಂಗಿನಲ್ಲಿ ಮೊದಲ ಅರಿಷಿಣ ಕುಂಕುಮ ಮಲ್ಲವ್ವನಿಗೇ.

"ಬರ್ತೇನೆ ಅಮ್ಮ," ಎಂದು ಶೇಖರ ಕಾಲು ಮುಟ್ಟಿ ನಮಸ್ಕರಿಸಿ ಹೊರಟ. ಇವನು ಹೋದರೆ ಆ ದೇಶಕ್ಕೆ ಇನ್ಯಾರು ಹೋಗುತ್ತಾರೆ? ಅವಳಿಗೂ ವಯಸ್ಸಾಯಿತು. ಅವನು ಮೆಟ್ಟಿಲು ಇಳಿಯುವ ಸಪ್ಪಳ ಕೇಳುತ್ತ ನಿಂತವಳು ಬಾಗಿಲಿಗೆ ಬಂದಳು.

"ಶೇಖರಪ್ಪಾ, ನಿಲ್ಲು," ಎಂದಳು. "ಬುಲೋನ್‌ದಾಗ ಇಳಿ."

ಅವನು ಹತ್ತಿ ಬರುವಷ್ಟರಲ್ಲಿ ಎರಡನೆಯ ಕರಡಿಗೆ ಅವಳ ಅಂಗೈಯಲ್ಲಿತ್ತು.

"ಬಾಗಲದಿಂದ ಮೂರನೇ ಕುಣಿ. ಇದನ್ನ ಆ ಮಣ್ಣಾಗ ಇಟ್ಟು ಬಾರಪ್ಪಾ. ಅವರದು."

ಶೇಖರ ಎರಡೂ ಕೈಯಿಂದ ತೆಗೆದುಕೊಂಡ. ಏನನ್ನೂ ಕೇಳದೆ ಬೆಥೂನಿನ ಗೆರೆ ಅಳಿಸಿ, ಬುಲೋನಿನ ಸುತ್ತ ಎಳೆದು ಹೋದ.

ಅವನು ದಾಟಿದ ಹೊಸ್ತಿಲಿಗೇ ಎದುರು ಖೋಲಿಯ ಗಂಗುಬಾಯಿ ಕುಂಕುಮದ ತಟ್ಟೆ ಹಿಡಿದು ಬಂದಳು. ಅವತ್ತು ಅವಳ ಮನೆಯಲ್ಲಿ ಪೂಜೆ.

"ಪಹಿಲಾ ಮಾನ ನಿಮ್ಮದೇ ಮಲ್ಲವ್ವಾ."

ಮಲ್ಲವ್ವ ಕೈಗಳೆರಡನ್ನೂ ಸೆರಗಿನೊಳಗೆ ಸೇರಿಸಿಕೊಂಡಳು. "ನನಗ ಸಲ್ಲೂದಿಲ್ಲ ಗಂಗುಬಾಯಿ. ಎಂದೂ ಸಲ್ತಿರಲಿಲ್ಲ."

ಗಂಗುಬಾಯಿ ತಬ್ಬಿಬ್ಬಾಗಿ ತಿರುಗಿ ಹೋದಳು. ಇನ್ನು ಸಂಜೆಯೊಳಗೆ ಬಿಲ್ಡಿಂಗಿಗೆಲ್ಲ ಗೊತ್ತಾಗುತ್ತದೆ. ಆಗಲಿ, ಅವರಿಗೆಲ್ಲ ಕೊಡುವ ಉತ್ತರ ಮಲ್ಲವ್ವನ ಹತ್ತಿರ ಇತ್ತು.

ದಾನಪ್ಪ ನಕಾಶೆ ಮಡಿಸುತ್ತಿದ್ದ. ಮಡಿಕೆ ಸರಿಯಾಗಲಿಲ್ಲ, ಮತ್ತೆ ಬಿಚ್ಚಿದ.

"ಯಾವಾಗಿಂದ ಗೊತ್ತವ್ವಾ?"

"ನೀ ಇನ್ನೂ ಮೊಲಿ ಕುಡೀತಿದ್ದಿ."

ಅವನು ಬುಲೋನಿನ ಸುತ್ತಲಿನ ಗೆರೆಯ ಮೇಲೆ ಬೆರಳಾಡಿಸಿದ. ಆಮೇಲೆ ತಲೆ ಎತ್ತದೆ ಹೇಳಿದ:

"ಹತ್ತು ವರ್ಷದಾಂವ ಆಗೂತನಕಾ ಪ್ರತಿ ಸೋಮವಾರ ಸ್ಟೇಶನ್ನಿಗೆ ಹೋಗಿ ನಿಂದರ್ತಿದ್ದೆ. ಗಾಡಿ ಇಳದವರ ಮಾರಿ ಎಲ್ಲಾ ನೋಡ್ತಿದ್ದೆ. ಬುತ್ತಿ ಕಟ್ಟಿ ಕೊಡ್ತಿದ್ದಾಕಿ ನೀನ ಅಲ್ಲೇನವ್ವಾ?"